ಕಾಲ್ಚೀಲದಿಂದ ಶುರುವಾಗುವ ಪಾಠ: ಕಾಲೇಜು ಬ್ಯಾಸ್ಕೆಟ್‌ಬಾಲ್ ಕೋಚ್ ಕುರಿತು ಓದುಗರ ಪ್ರಶ್ನೆಗಳು

ಹಿಂದಿನ ಸಂಚಿಕೆಯಲ್ಲಿ ಓದುಗರೊಬ್ಬರಿಗೆ ಉತ್ತರಿಸುವಾಗ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ತರಬೇತುದಾರ ಜಾನ್ ವುಡನ್ ಅವರ ಹೆಸರನ್ನು ಒಂದೆರಡು ಸಾಲಿನಲ್ಲಿ ಪ್ರಸ್ತಾಪಿಸಿದ್ದೆ. ಅವರು ಮೂಲತಃ ಇಂಗ್ಲಿಷ್ ಮೇಷ್ಟರು ಎಂದು ಬರೆದದ್ದು ಅನೇಕರ ಕುತೂಹಲ ಕೆರಳಿಸಿದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಹುದ್ದೆಯ ಬಗ್ಗೆ, ಅದರಲ್ಲಿ ಬದುಕು ಕಳೆದವರ ಬಗ್ಗೆ ಕೇಳಿದ ಪ್ರಶ್ನೆಗಳೇ ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗ ಅಮೆರಿಕದಲ್ಲಿ ಎಂ.ಎಸ್. ಓದುತ್ತಿದ್ದಾನೆ. ಅಲ್ಲಿ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಕೋಚ್‌ಗೆ ಕುಲಪತಿಗಳಿಗಿಂತ ಹೆಚ್ಚು ಸಂಬಳವಂತೆ. ಇದು ನಿಜವೇ? ಅಂಥದ್ದೇನು ಕೆಲಸ ಅವರದು? (ಗೃಹಿಣಿ, ದಾವಣಗೆರೆ)

ನಿಜ ತಾಯಿ, ನಿಮ್ಮ ಮಗ ಉತ್ಪ್ರೇಕ್ಷೆ ಮಾಡಿಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ಸಾರ್ವಜನಿಕ ಸಂಬಳ ಪಡೆಯುವವರ ಪೈಕಿ ಎಲ್ಲರಿಗಿಂತ ಮೇಲಿರುವವರು ರಾಜ್ಯಪಾಲರೂ ಅಲ್ಲ, ಕುಲಪತಿಗಳೂ ಅಲ್ಲ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯದ ಫುಟ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ತಂಡದ ಮುಖ್ಯ ತರಬೇತುದಾರರು. 2023 ಮತ್ತು 2024ರಲ್ಲಿ ಸತತವಾಗಿ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಕನೆಕ್ಟಿಕಟ್ ವಿಶ್ವವಿದ್ಯಾಲಯವು ತನ್ನ ಕೋಚ್ ಡ್ಯಾನ್ ಹರ್ಲಿ ಅವರೊಂದಿಗೆ 2024ರಲ್ಲಿ ಮಾಡಿಕೊಂಡ ಒಪ್ಪಂದ ಆರು ವರ್ಷಕ್ಕೆ 5 ಕೋಟಿ ಡಾಲರ್‌ನದು.

ಇಷ್ಟು ಹಣ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಆಟದ ವ್ಯವಸ್ಥೆಯನ್ನು ತಿಳಿಯಬೇಕು. ಎನ್‌ಸಿಎಎ ಎಂಬ ಕಾಲೇಜು ಕ್ರೀಡಾ ಸಂಘಟನೆಯ ಅತ್ಯುನ್ನತ ವಿಭಾಗದಲ್ಲಿ 350ಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳ ತಂಡಗಳಿವೆ. ನವೆಂಬರ್‌ನಲ್ಲಿ ಆರಂಭವಾಗುವ ಋತು ಮಾರ್ಚ್ ಹೊತ್ತಿಗೆ 68 ತಂಡಗಳ ಪಂದ್ಯಾವಳಿಯಾಗಿ ಬಿಗಿಯಾಗುತ್ತದೆ. ಅಲ್ಲಿ ಒಮ್ಮೆ ಸೋತರೆ ಆ ವರ್ಷದ ಆಟ ಮುಗಿದಂತೆ. ದೇಶಕ್ಕೆ ದೇಶವೇ ಟಿ.ವಿ. ಮುಂದೆ ಕೂರುವ ಆ ಮೂರು ವಾರಗಳ ಪ್ರಸಾರದ ಹಕ್ಕೇ ದೊಡ್ಡ ಆದಾಯ. ಇದರ ಕೇಂದ್ರದಲ್ಲಿ ನಿಂತಿರುವವರು ಮುಖ್ಯ ತರಬೇತುದಾರರು. ಆಟಗಾರರು ಮೂರು ನಾಲ್ಕು ವರ್ಷಗಳಲ್ಲಿ ಬದಲಾಗುತ್ತಾರೆ, ಕೋಚ್ ಉಳಿಯುತ್ತಾರೆ. ಅಭ್ಯಾಸ ಮಾಡಿಸುವುದು ಮತ್ತು ಪಂದ್ಯ ನಡೆಸುವುದು ಅವರ ಕೆಲಸದ ಒಂದು ಪಾಲು ಮಾತ್ರ. ದೂರದೂರಿನ ಪ್ರೌಢಶಾಲೆಗಳ ಅಂಗಳದಲ್ಲಿ ಕೂತು ಹದಿನಾರು ಹದಿನೇಳರ ಹುಡುಗರ ಆಟ ನೋಡಬೇಕು, ಅವರ ಮನೆಗೆ ಹೋಗಿ ತಂದೆತಾಯಿಯರ ಎದುರು ಕೂತು ವಿದ್ಯಾರ್ಥಿವೇತನದ ಮಾತಾಡಬೇಕು, ಸೇರಿದ ಮೇಲೆ ಆ ಹುಡುಗ ತರಗತಿಯಲ್ಲಿ ಪಾಸಾಗುವಂತೆ ನೋಡಿಕೊಳ್ಳಬೇಕು, ಸಹಾಯಕ ಕೋಚ್‌ಗಳನ್ನು ಬೆಳೆಸಬೇಕು, ಹಳೆಯ ವಿದ್ಯಾರ್ಥಿಗಳನ್ನೂ ದಾನಿಗಳನ್ನೂ ಒಲಿಸಿಕೊಳ್ಳಬೇಕು. 2021ರಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರವನ್ನು ಜಾಹೀರಾತಿಗೆ ಬಳಸಿ ಸಂಪಾದಿಸಬಹುದಾಗಿದೆ. 2025ರಿಂದ ವಿಶ್ವವಿದ್ಯಾಲಯಗಳೇ ಅವರಿಗೆ ನೇರವಾಗಿ ಆದಾಯದ ಪಾಲು ಕೊಡಬಹುದಾಗಿದೆ. ಹಾಗಾಗಿ ಈಗಿನ ಕೋಚ್‌ಗೆ ಲೆಕ್ಕಪತ್ರದ ತಲೆನೋವೂ ಸೇರಿಕೊಂಡಿದೆ.

ಸಂಬಳ ಮೊದಲಿನಿಂದ ಹೀಗಿರಲಿಲ್ಲ. ಇಪ್ಪತ್ತೇಳು ವರ್ಷ ಒಂದೇ ವಿಶ್ವವಿದ್ಯಾಲಯದಲ್ಲಿದ್ದು ಹತ್ತು ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟ ಜಾನ್ ವುಡನ್ ಅವರ ವಾರ್ಷಿಕ ಸಂಬಳ 35,000 ಡಾಲರ್ ದಾಟಲೇ ಇಲ್ಲ.

ಪ್ರಶ್ನೆ: ಇಂಗ್ಲಿಷ್ ಮೇಷ್ಟರೊಬ್ಬರು ಅಷ್ಟು ದೊಡ್ಡ ಕೋಚ್ ಆದದ್ದು ಹೇಗೆ? ಅವರ ವೃತ್ತಿಜೀವನವನ್ನು ಸ್ವಲ್ಪ ವಿವರವಾಗಿ ತಿಳಿಸಿ. (ನಿವೃತ್ತ ಪ್ರೌಢಶಾಲಾ ಶಿಕ್ಷಕರು, ಶಿವಮೊಗ್ಗ)

ಮೇಷ್ಟರೇ, ಈ ಪ್ರಶ್ನೆಗೆ ಉತ್ತರ ಬರೆಯುವುದೇ ನನಗೊಂದು ಸಂತೋಷ. ವುಡನ್ ಹುಟ್ಟಿದ್ದು 1910ರಲ್ಲಿ, ಇಂಡಿಯಾನಾ ರಾಜ್ಯದ ಒಂದು ಸಣ್ಣ ಊರಿನಲ್ಲಿ. ಬೆಳೆದದ್ದು ವಿದ್ಯುತ್ತಿಲ್ಲದ ಹೊಲಮನೆಯಲ್ಲಿ. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಓದುವಾಗಲೇ ದೇಶದ ಅತ್ಯುತ್ತಮ ಆಟಗಾರರ ಪಟ್ಟಿಯಲ್ಲಿ ಮೂರು ಬಾರಿ ಸ್ಥಾನ ಪಡೆದರು. 1932ರಲ್ಲಿ ಪದವಿ ಮುಗಿಸಿ ಮದುವೆಯಾಗಿ ಕೆಂಟಕಿ ರಾಜ್ಯದ ಡೇಟನ್ ಎಂಬ ಊರಿನ ಪ್ರೌಢಶಾಲೆಗೆ ಶಿಕ್ಷಕರಾಗಿ ಸೇರಿದರು. ಅಲ್ಲಿ ಇಂಗ್ಲಿಷ್ ಪಾಠವೂ ಅವರದೇ, ಆಟದ ತರಬೇತಿಯೂ ಅವರದೇ. ಮೊದಲ ವರ್ಷ ಅವರ ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಅವರ ಇಡೀ ವೃತ್ತಿಜೀವನದಲ್ಲಿ ಹಾಗಾದ ವರ್ಷ ಅದೊಂದೇ.

ಬಳಿಕ ಸೌತ್ ಬೆಂಡ್ ನಗರದ ಪ್ರೌಢಶಾಲೆ, ಎರಡನೇ ಮಹಾಯುದ್ಧದ ಕಾಲದ ನೌಕಾಪಡೆ, ಅದಾದ ಮೇಲೆ 1946ರಲ್ಲಿ ಇಂಡಿಯಾನಾ ಸ್ಟೇಟ್ ಶಿಕ್ಷಕರ ಕಾಲೇಜು. ಅವರ ಬದುಕಿನಲ್ಲಿ ನಾನು ಬಹಳ ಗೌರವಿಸುವ ಘಟನೆ ನಡೆದದ್ದು ಇಲ್ಲಿಯೇ. 1947ರಲ್ಲಿ ಅವರ ತಂಡಕ್ಕೆ ಕಾನ್ಸಾಸ್ ಸಿಟಿಯ ರಾಷ್ಟ್ರೀಯ ಪಂದ್ಯಾವಳಿಯಿಂದ ಆಹ್ವಾನ ಬಂತು. ಕಪ್ಪು ವರ್ಣೀಯ ಆಟಗಾರರು ಅದರಲ್ಲಿ ಆಡುವಂತಿರಲಿಲ್ಲ. ವುಡನ್ ತಂಡದಲ್ಲಿ ಕ್ಲಾರೆನ್ಸ್ ವಾಕರ್ ಎಂಬ ಕಪ್ಪು ವರ್ಣೀಯ ವಿದ್ಯಾರ್ಥಿ ಇದ್ದರು. ವಾಕರ್ ಮುಖ್ಯ ಆಟಗಾರರೇನಲ್ಲ, ಹೆಚ್ಚಿನ ಹೊತ್ತು ಬೆಂಚಿನಲ್ಲಿ ಕೂರುತ್ತಿದ್ದವರು. ಅವರನ್ನು ಬಿಟ್ಟು ಹೋಗಿದ್ದರೆ ಗೆಲುವಿಗೆ ದೊಡ್ಡ ಧಕ್ಕೆಯೇನೂ ಆಗುತ್ತಿರಲಿಲ್ಲ. ಆದರೂ ವುಡನ್ ಆ ಆಹ್ವಾನವನ್ನೇ ತಿರಸ್ಕರಿಸಿದರು. ಮರುವರ್ಷ ನಿಯಮ ಬದಲಾಯಿತು, ವಾಕರ್ ಆ ಪಂದ್ಯಾವಳಿಯಲ್ಲಿ ಆಡಿದ ಮೊದಲ ಕಪ್ಪು ವರ್ಣೀಯರಾದರು, ತಂಡ ಫೈನಲ್‌ವರೆಗೂ ಹೋಯಿತು.

ಅದೇ 1948ರಲ್ಲಿ ಅವರಿಗೆ ಎರಡು ಕಡೆಯಿಂದ ಕರೆ ಬಂದಿತ್ತು. ಒಂದು ಮಿನೆಸೋಟ ವಿಶ್ವವಿದ್ಯಾಲಯ, ಇನ್ನೊಂದು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಅಂದರೆ ಯುಸಿಎಲ್‌ಎ. ಮನಸ್ಸಿದ್ದದ್ದು ಮಿನೆಸೋಟದ ಕಡೆಗೆ. ಸಂಜೆ ಇಂಥ ಹೊತ್ತಿಗೆ ಫೋನ್ ಮಾಡಿ ತೀರ್ಮಾನ ತಿಳಿಸುತ್ತೇವೆ ಎಂದು ಮಿನೆಸೋಟದವರು ಹೇಳಿದ್ದರು. ಹಿಮಗಾಳಿಗೆ ಅಲ್ಲಿನ ಫೋನ್ ಸಂಪರ್ಕ ಕೆಟ್ಟು, ಹೇಳಿದ ಹೊತ್ತು ಮೀರಿತು, ಫೋನ್ ಬರಲಿಲ್ಲ. ಆ ಬಳಿಕ ಕರೆ ಮಾಡಿದ ಯುಸಿಎಲ್‌ಎಗೆ ವುಡನ್ ಒಪ್ಪಿಗೆ ಕೊಟ್ಟರು. ಸ್ವಲ್ಪ ಹೊತ್ತಿಗೆ ಮಿನೆಸೋಟದ ಕರೆಯೂ ಬಂತು, ಕೇಳಿದ್ದೆಲ್ಲ ಕೊಡುವುದಾಗಿಯೂ ಹೇಳಿದರು, ಆದರೆ ಕೊಟ್ಟ ಮಾತನ್ನು ಹಿಂತೆಗೆದುಕೊಳ್ಳಲು ವುಡನ್ ಒಪ್ಪಲಿಲ್ಲ.

ಯುಸಿಎಲ್‌ಎಯಲ್ಲಿ ಆಗ ಸರಿಯಾದ ಅಂಗಳವೇ ಇರಲಿಲ್ಲ. ಹಳೆಯ ವ್ಯಾಯಾಮಶಾಲೆಯ ಒಂದು ಬದಿಯಲ್ಲಿ ಕುಸ್ತಿ, ಇನ್ನೊಂದು ಬದಿಯಲ್ಲಿ ಜಿಮ್ನಾಸ್ಟಿಕ್ಸ್, ನಡುವೆ ಬ್ಯಾಸ್ಕೆಟ್‌ಬಾಲ್. ಅಭ್ಯಾಸಕ್ಕೆ ಮೊದಲು ಧೂಳು ಒರೆಸುವ ಕೆಲಸಕ್ಕೆ ಮುಖ್ಯ ತರಬೇತುದಾರರೇ ಉದ್ದನೆಯ ಮಾಪ್ ಹಿಡಿದು ಇಳಿಯುತ್ತಿದ್ದರು. ಮುಂದೆ ಅಗ್ನಿಶಾಮಕ ಇಲಾಖೆ ಅಲ್ಲಿ ಹೆಚ್ಚು ಪ್ರೇಕ್ಷಕರನ್ನು ಸೇರಿಸಬಾರದೆಂದು ಆದೇಶಿಸಿದ್ದರಿಂದ ತವರಿನ ಪಂದ್ಯಗಳನ್ನೂ ಬೇರೆ ಬೇರೆ ಕ್ರೀಡಾಂಗಣಗಳಲ್ಲಿ ಆಡಬೇಕಾಯಿತು. ಸ್ವಂತದ ಪಾಲಿ ಪೆವಿಲಿಯನ್ ಸಿದ್ಧವಾದದ್ದು 1965ರಲ್ಲಿ. ಯುಸಿಎಲ್‌ಎಗೆ ಸೇರಿ ಎರಡು ವರ್ಷ ಕಳೆಯುವ ಹೊತ್ತಿಗೇ ತಾವು ಓದಿದ ಪರ್ಡ್ಯೂ ವಿಶ್ವವಿದ್ಯಾಲಯವೇ ಅವರನ್ನು ಕರೆಯಿತು. ಹೋಗುವ ಆಸೆ ಇತ್ತು. ಆದರೆ ಮೂರು ವರ್ಷದ ಒಪ್ಪಂದ ಬೇಕೆಂದು ಹಟ ಹಿಡಿದು ಪಡೆದವರು ಅವರೇ ಎಂದು ಯುಸಿಎಲ್‌ಎಯವರು ನೆನಪಿಸಿದಾಗ, ಉಳಿದುಕೊಂಡರು.

ಅವರ ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂದದ್ದು 1964ರಲ್ಲಿ, ಅಲ್ಲಿ ಸೇರಿದ ಹದಿನಾರನೆಯ ಋತುವಿನಲ್ಲಿ. ಇದನ್ನು ಓದಿ ಹದಿನೈದು ವರ್ಷ ಅವರು ಸೋಲುತ್ತಲೇ ಇದ್ದರೆಂದು ಭಾವಿಸಬಾರದು. ಮೊದಲ ವರ್ಷವೇ, ಕೊನೆಯ ಸ್ಥಾನ ಖಚಿತವೆಂದು ಎಲ್ಲರೂ ಅಂದುಕೊಂಡಿದ್ದ ತಂಡದಿಂದ 22 ಪಂದ್ಯಗಳನ್ನು ಗೆಲ್ಲಿಸಿದ್ದರು. ಪ್ರಾದೇಶಿಕ ಮಟ್ಟದಲ್ಲಿ ಗೆದ್ದು, ರಾಷ್ಟ್ರೀಯ ಮಟ್ಟದಲ್ಲಿ ಎಡವುವುದು ಮಾತ್ರ ವರ್ಷಗಟ್ಟಲೆ ನಡೆಯಿತು. 1964ರ ತಂಡದಲ್ಲಿ ಆರೂವರೆ ಅಡಿ ಎತ್ತರದ ಒಬ್ಬ ಆಟಗಾರನೂ ಇರಲಿಲ್ಲ. ಎದುರಾಳಿ ಚೆಂಡನ್ನು ಒಳಗೆ ಎಸೆದ ಕ್ಷಣದಿಂದಲೇ ಅಂಗಳದ ಉದ್ದಕ್ಕೂ ಒತ್ತಡ ಹೇರುವ ಝೋನ್ ಪ್ರೆಸ್ ತಂತ್ರವನ್ನು ಅಳವಡಿಸಿಕೊಳ್ಳುವಂತೆ ಸಹಾಯಕ ಕೋಚ್ ಜೆರ್ರಿ ನಾರ್ಮನ್ ಒತ್ತಾಯಿಸಿದರು, ವುಡನ್ ಅದಕ್ಕೆ ಕಿವಿಗೊಟ್ಟರು. ಆ ವರ್ಷ ಆಡಿದ 30 ಪಂದ್ಯಗಳಲ್ಲಿ ಮೂವತ್ತನ್ನೂ ಗೆದ್ದು, ಫೈನಲ್‌ನಲ್ಲಿ ತಮಗಿಂತ ಎತ್ತರದ ಡ್ಯೂಕ್ ತಂಡವನ್ನು 98–83ರಿಂದ ಸೋಲಿಸಿದರು. ತನ್ನ ಸಹಾಯಕನಿಂದ ಐವತ್ತು ದಾಟಿದ ಮೇಲೂ ಹೊಸದನ್ನು ಕಲಿಯಬಲ್ಲ ಮನಸ್ಸಿಲ್ಲದಿದ್ದರೆ ಆ ಪ್ರಶಸ್ತಿ ಬರುತ್ತಿರಲಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮುಂದಿನದು ದಾಖಲೆಗಳ ಕಾಲ. ಹನ್ನೆರಡು ವರ್ಷಗಳಲ್ಲಿ ಹತ್ತು ಪ್ರಶಸ್ತಿ, ಅದರಲ್ಲಿ 1967ರಿಂದ 1973ರವರೆಗೆ ಸತತ ಏಳು. 1971ರಿಂದ 1974ರ ಜನವರಿಯಲ್ಲಿ ನೋಟರ್ ಡೇಮ್ ಎದುರು ಒಂದು ಅಂಕದಿಂದ ಸೋಲುವ ತನಕ ಸತತ 88 ಗೆಲುವು. ಕರೀಮ್ ಅಬ್ದುಲ್ ಜಬ್ಬಾರ್ ಎಂದು ಮುಂದೆ ಜಗತ್ತು ಬಲ್ಲ ಲ್ಯೂ ಆಲ್ಸಿಂಡರ್, ಅವರ ಬಳಿಕ ಬಿಲ್ ವಾಲ್ಟನ್, ಇಬ್ಬರೂ ಈ ಅವಧಿಯ ವಿದ್ಯಾರ್ಥಿಗಳು. 1975ರ ಸೆಮಿಫೈನಲ್‌ನಲ್ಲಿ ಎದುರಾಳಿ ಲೂಯಿವಿಲ್ ತಂಡದ ಕೋಚ್ ಆಗಿದ್ದವರು ವುಡನ್ ಬಳಿ ಆಡಿ, ಅವರಿಗೇ ಸಹಾಯಕರಾಗಿದ್ದ ಡೆನ್ನಿ ಕ್ರಮ್. ಹೆಚ್ಚುವರಿ ಅವಧಿಗೆ ಹೋದ ಆ ಪಂದ್ಯವನ್ನು 75–74ರಿಂದ ಗೆದ್ದ ಮೇಲೆ, ಫೈನಲ್ ತಮ್ಮ ಕೊನೆಯ ಪಂದ್ಯ ಎಂದು ಗುರು ತಮ್ಮ ಹುಡುಗರಿಗೆ ತಿಳಿಸಿದರು. ಎರಡು ದಿನಗಳ ನಂತರ ಕೆಂಟಕಿಯನ್ನು 92–85ರಿಂದ ಸೋಲಿಸಿ ಹತ್ತನೆಯ ಪ್ರಶಸ್ತಿಯೊಂದಿಗೆ ನಿವೃತ್ತರಾದರು.

ಪ್ರಶ್ನೆ: ವುಡನ್ ಮೊದಲ ದಿನ ಕಾಲ್ಚೀಲ ಹಾಕುವುದನ್ನು ಕಲಿಸುತ್ತಿದ್ದರು ಎಂದು ಎಲ್ಲೋ ಓದಿದೆ. ಇದು ಕಟ್ಟುಕತೆಯೇ? (ಕಾಲೇಜು ಆಟಗಾರ, ಮಂಡ್ಯ)

ಕಟ್ಟುಕತೆಯಲ್ಲ. ಅವರ ಬಳಿ ಕಲಿತ ಅನೇಕರು ಇದನ್ನು ಹೇಳಿಕೊಂಡಿದ್ದಾರೆ. ದೇಶದಲ್ಲೇ ಹೆಸರು ಮಾಡಿ ಬಂದ ಹುಡುಗರನ್ನು ಕೂರಿಸಿ, ಕಾಲ್ಚೀಲವನ್ನು ಬೆರಳಿನಿಂದ ಹಿಮ್ಮಡಿಯತ್ತ ಎಳೆದು, ಕಿರುಬೆರಳಿನ ಸುತ್ತ ಮತ್ತು ಹಿಮ್ಮಡಿಯ ಬಳಿ ಒಂದು ಮಡಿಕೆಯೂ ಉಳಿಯದಂತೆ ಅಂಗೈಯಿಂದ ಸವರಿ ತೋರಿಸುತ್ತಿದ್ದರು. ಆಮೇಲೆ ಶೂ. ಲೇಸನ್ನು ಮೇಲಿನಿಂದ ಒಮ್ಮೆಲೇ ಎಳೆಯದೆ, ಒಂದೊಂದು ತೂತಿನ ಬಳಿಯೂ ಬಿಗಿ ಮಾಡುತ್ತ ಬಂದು ಎರಡು ಗಂಟು. ಕಾರಣ ಸರಳ: ಮಡಿಕೆಯಿದ್ದರೆ ಬೊಬ್ಬೆ ಏಳುತ್ತದೆ, ಬೊಬ್ಬೆ ಎದ್ದರೆ ಅಭ್ಯಾಸ ತಪ್ಪುತ್ತದೆ.

ಕಾಲೇಜಿನ ಅಂಗಳದಲ್ಲಿ ಬಹುಕಾಲ ಹುಡುಗರಿಗೆ ಆಟ ಕಲಿಸಿದ ನನಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಒಮ್ಮೆ ಅಂತರ ಕಾಲೇಜು ಪಂದ್ಯಾವಳಿಯಲ್ಲಿ ನಮ್ಮ ತಂಡದ ಅತ್ಯಂತ ಚುರುಕಾದ ಹುಡುಗ ಎರಡನೆಯ ದಿನ ಕುಂಟತೊಡಗಿದ. ಶೂ ಬಿಚ್ಚಿಸಿ ನೋಡಿದರೆ ಅಣ್ಣನಿಂದ ಎರವಲು ತಂದ ದೊಡ್ಡ ಕಾಲ್ಚೀಲ ಬೆರಳಿನ ತುದಿಯಲ್ಲಿ ಮುದ್ದೆಯಾಗಿ, ಹೆಬ್ಬೆರಳಿನ ಪಕ್ಕ ಚರ್ಮ ಸುಲಿದು ರಕ್ತ ಅಂಟಿಕೊಂಡಿತ್ತು. ತಂತ್ರದ ಬಗ್ಗೆ ಅವನಿಗೆ ಗಂಟೆಗಟ್ಟಲೆ ಹೇಳಿದ್ದ ನಾನು ಅವನ ಪಾದವನ್ನು ಒಮ್ಮೆಯೂ ನೋಡಿರಲಿಲ್ಲ. ಆ ತಪ್ಪು ನನ್ನದು.

ವುಡನ್ ಅಭ್ಯಾಸವೂ ಇದೇ ಸೂಕ್ಷ್ಮತೆಯದು. ಬೆಳಗ್ಗೆ ಸಹಾಯಕರೊಂದಿಗೆ ಕೂತು ಆ ದಿನದ ಅಭ್ಯಾಸವನ್ನು ನಿಮಿಷ ನಿಮಿಷಕ್ಕೆ ಯೋಜಿಸಿ, ಅಂಗೈಯಗಲದ ಕಾರ್ಡುಗಳಲ್ಲಿ ಬರೆದುಕೊಂಡೇ ಅಂಗಳಕ್ಕೆ ಇಳಿಯುತ್ತಿದ್ದರು. ಅವರ ಕೊನೆಯ ಋತುವಿನಲ್ಲಿ ರೋಲಂಡ್ ಥಾರ್ಪ್ ಮತ್ತು ರೊನಾಲ್ಡ್ ಗ್ಯಾಲಿಮೋರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಅಭ್ಯಾಸಗಳನ್ನು ನೋಡಿ, ಅವರಾಡಿದ ಎರಡು ಸಾವಿರಕ್ಕೂ ಹೆಚ್ಚು ಮಾತುಗಳನ್ನು ವಿಂಗಡಿಸಿದರು. ಅರ್ಧದಷ್ಟು ಮಾತುಗಳು ಏನು ಮಾಡಬೇಕು, ಹೇಗೆ ಮಾಡಬೇಕು ಎಂಬ ನೇರ ಪಾಠವೇ ಆಗಿದ್ದವು. ಬರೀ ಹೊಗಳಿಕೆ ಬಹಳ ಕಡಿಮೆ. ತಪ್ಪಾದಾಗ ಆಟವನ್ನು ನಿಲ್ಲಿಸಿ, ಸರಿಯಾದ ಕ್ರಮವನ್ನು ಮಾಡಿ ತೋರಿಸಿ, ಹುಡುಗ ಮಾಡಿದ ತಪ್ಪನ್ನು ಹಾಗೆಯೇ ಅನುಕರಿಸಿ, ಮತ್ತೆ ಸರಿಯಾದದ್ದನ್ನು ತೋರಿಸಿ ಮುಗಿಸುತ್ತಿದ್ದರು. ಇದೆಲ್ಲ ಕೆಲವೇ ಸೆಕೆಂಡುಗಳಲ್ಲಿ. ಕರಿಹಲಗೆಯ ಮುಂದೆ ಕಾಗುಣಿತ ತಿದ್ದುವ ಮೇಷ್ಟರ ವಿಧಾನವೇ ಅಲ್ಲವೇ ಇದು?

ಪ್ರಶ್ನೆ: ವುಡನ್ ತಂಡದ ಆಟಗಾರರಿಗೆ ಒಬ್ಬ ಶ್ರೀಮಂತ ಅಕ್ರಮವಾಗಿ ನೆರವು ಕೊಡುತ್ತಿದ್ದ ಎಂಬ ಆರೋಪವಿದೆ. ತಾವು ಅದನ್ನು ಮುಚ್ಚಿಡಬಾರದು. (ಬ್ಯಾಂಕ್ ಉದ್ಯೋಗಿ, ಬೆಂಗಳೂರು)

ಮುಚ್ಚಿಡುವುದಿಲ್ಲ. ಸ್ಯಾಮ್ ಗಿಲ್ಬರ್ಟ್ ಎಂಬ ಉದ್ಯಮಿ ಯುಸಿಎಲ್‌ಎ ಆಟಗಾರರಿಗೆ ಬಹಳ ಹತ್ತಿರವಿದ್ದರು, ನಿಯಮ ಮೀರಿ ಅವರಿಗೆ ನೆರವಾಗುತ್ತಿದ್ದರು. ವುಡನ್ ನಿವೃತ್ತರಾದ ಆರು ವರ್ಷಗಳ ಬಳಿಕ, 1981ರಲ್ಲಿ, ಎನ್‌ಸಿಎಎ ಆ ವಿಶ್ವವಿದ್ಯಾಲಯಕ್ಕೆ ಶಿಕ್ಷೆ ವಿಧಿಸಿ, ಗಿಲ್ಬರ್ಟ್ ಸಂಪರ್ಕ ಕಡಿದುಕೊಳ್ಳಲು ಸೂಚಿಸಿತು. 1980ರ ರನ್ನರ್ ಅಪ್ ಸ್ಥಾನ ರದ್ದಾಯಿತು. ವುಡನ್ ಕಾಲದ ಪ್ರಶಸ್ತಿಗಳಿಗೆ ಕೈಹಚ್ಚಲಿಲ್ಲ. ವುಡನ್ ಸ್ವತಃ ಹಣ ಕೊಟ್ಟರೆಂದು ಯಾರೂ ಸಾಬೀತು ಮಾಡಿಲ್ಲ. ಆದರೆ ಕಾಲ್ಚೀಲದ ಮಡಿಕೆಯನ್ನೂ ಬಿಡದೆ ನೋಡುತ್ತಿದ್ದವರ ಕಣ್ಣಿಗೆ ಇದು ಪೂರ್ತಿಯಾಗಿ ಬೀಳಲಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ, ಅವರನ್ನು ಗೌರವಿಸುವ ನನ್ನಂಥವರೂ ಅದನ್ನು ಕೇಳಿಕೊಳ್ಳಲೇಬೇಕು. ಅಂಗಳದಾಚೆಗೆ ಹುಡುಗರ ಸುತ್ತ ಯಾರಿದ್ದಾರೆ ಎಂದು ನೋಡುವುದೂ ಮುಖ್ಯ ತರಬೇತುದಾರರ ಹೊಣೆ. ಅದರಲ್ಲಿ ವುಡನ್ ಸಾಲದೆ ಹೋದರು ಎಂದೇ ನನಗೆ ಅನ್ನಿಸುತ್ತದೆ.

ಪ್ರಶ್ನೆ: ಮಹಿಳೆಯರಲ್ಲಿ ಇಂಥ ಕೋಚ್‌ಗಳು ಆಗಿಹೋಗಿಲ್ಲವೇ? (ಪದವಿ ವಿದ್ಯಾರ್ಥಿನಿ, ಹಾಸನ)

ಆಗಿಹೋಗಿದ್ದಾರಮ್ಮ. ಪ್ಯಾಟ್ ಸಮ್ಮಿಟ್ ಅವರ ಹೆಸರನ್ನು ನೀವು ಬರೆದಿಟ್ಟುಕೊಳ್ಳಿ. 1952ರಲ್ಲಿ ಟೆನೆಸಿ ರಾಜ್ಯದ ರೈತ ಕುಟುಂಬದಲ್ಲಿ ಹುಟ್ಟಿದ ಇವರಿಗೆ ಆಡಲು ಊರಿನ ಪ್ರೌಢಶಾಲೆಯಲ್ಲಿ ಹುಡುಗಿಯರ ತಂಡವೇ ಇರಲಿಲ್ಲವೆಂದು ಇಡೀ ಕುಟುಂಬ ಪಕ್ಕದ ಸೀಮೆಗೆ ಮನೆ ಬದಲಿಸಿತು. 1974ರಲ್ಲಿ ಟೆನೆಸಿ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಓದುತ್ತ ಸಹಾಯಕರಾಗಿ ಸೇರಿದವರಿಗೆ, ಇದ್ದ ಕೋಚ್ ರಜೆ ಮೇಲೆ ಹೋದ್ದರಿಂದ ಏಕಾಏಕಿ ಮುಖ್ಯ ತರಬೇತುದಾರರ ಹುದ್ದೆ ಬಂತು. ವಯಸ್ಸು 22, ತಿಂಗಳ ಸಂಬಳ 250 ಡಾಲರ್. ತಂಡದ ಸಮವಸ್ತ್ರ ಒಗೆಯುತ್ತಿದ್ದವರೂ ಅವರೇ, ಊರೂರಿಗೆ ಹೋಗುವ ವ್ಯಾನ್ ಓಡಿಸುತ್ತಿದ್ದವರೂ ಅವರೇ. ಮೊದಲ ಪಂದ್ಯ ಸೋತರು.

ಅದೇ ಹೊತ್ತಿನಲ್ಲಿ ಅವರು ಮೊಣಕಾಲಿನ ಗಾಯದಿಂದ ಚೇತರಿಸಿಕೊಳ್ಳುತ್ತ ಸ್ವತಃ ಆಟಗಾರ್ತಿಯಾಗಿಯೂ ಬೆವರು ಹರಿಸುತ್ತಿದ್ದರು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ತಂಡದಲ್ಲಿ ಆಡಿ ಬೆಳ್ಳಿ ಗೆದ್ದರು. 1984ರಲ್ಲಿ ಅದೇ ದೇಶದ ತಂಡಕ್ಕೆ ಕೋಚ್ ಆಗಿ ಚಿನ್ನ ಗೆಲ್ಲಿಸಿದರು. ಶಿಕ್ಷಣದಲ್ಲಿ ಲಿಂಗತಾರತಮ್ಯ ನಿಷೇಧಿಸಿದ 1972ರ ಟೈಟಲ್ ನೈನ್ ಕಾನೂನು ಆಗಷ್ಟೇ ಜಾರಿಗೆ ಬರುತ್ತಿತ್ತು. ಮಹಿಳೆಯರಿಗಾಗಿ ಎನ್‌ಸಿಎಎ ಪಂದ್ಯಾವಳಿ ಶುರುವಾದದ್ದೇ 1982ರಲ್ಲಿ. ಅಂದರೆ ಸಮ್ಮಿಟ್ ಸಿದ್ಧವಾಗಿದ್ದ ದಾರಿಯಲ್ಲಿ ನಡೆದವರಲ್ಲ. ಅವರು ನಡೆದಂತೆ ದಾರಿ ಆಯಿತು. 38 ವರ್ಷ ಒಂದೇ ವಿಶ್ವವಿದ್ಯಾಲಯದಲ್ಲಿದ್ದು 1,098 ಗೆಲುವು, 8 ರಾಷ್ಟ್ರೀಯ ಪ್ರಶಸ್ತಿ. 1997–98ರ ಋತುವಿನಲ್ಲಿ ಆಡಿದ 39 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ.

ಆಟಗಾರ್ತಿಯರು ತರಗತಿ ತಪ್ಪಿಸುವಂತಿಲ್ಲ, ಮೊದಲ ಮೂರು ಸಾಲುಗಳಲ್ಲೇ ಕೂರಬೇಕು ಎಂಬುದು ಅವರ ನಿಯಮವಾಗಿತ್ತು. ಅವರ ಬಳಿ ಪೂರ್ಣ ಅವಧಿ ಆಡಿ ಮುಗಿಸಿದ ಪ್ರತಿಯೊಬ್ಬ ವಿದ್ಯಾರ್ಥಿನಿಯೂ ಪದವಿ ಪಡೆದೇ ಹೊರಬಂದಳು. ಈ ಸಾಲನ್ನು ನಾನು 1,098ಕ್ಕಿಂತ ಮೇಲೆ ಇಡುತ್ತೇನೆ. 2011ರಲ್ಲಿ, 59ನೆಯ ವಯಸ್ಸಿನಲ್ಲಿ, ಅಲ್ಝೈಮರ್ ಕಾಯಿಲೆ ಇರುವುದನ್ನು ಅವರೇ ಬಹಿರಂಗಪಡಿಸಿ, ಇನ್ನೊಂದು ಋತು ತಂಡದೊಂದಿಗೆ ಉಳಿದರು. 2012ರಲ್ಲಿ ಹುದ್ದೆ ಬಿಟ್ಟರು, 2016ರಲ್ಲಿ ತೀರಿಕೊಂಡರು.

ಪ್ರಶ್ನೆ: ನಾನು ಬಿ.ಪಿ.ಎಡ್. ಓದುತ್ತಿದ್ದೇನೆ. ಕಾಲೇಜು ತಂಡದ ಕೋಚ್ ಆಗಬೇಕೆಂಬ ಆಸೆ. ಅಮೆರಿಕದಂಥ ಹುದ್ದೆ ನಮ್ಮಲ್ಲಿ ಇದೆಯೇ? ಎಲ್ಲಿಂದ ಶುರು ಮಾಡಲಿ? (ವಿದ್ಯಾರ್ಥಿ, ಧಾರವಾಡ)

ಒಂದೇ ಆಟಕ್ಕೆ ಮೀಸಲಾದ ಅಂಥ ಹುದ್ದೆ ನಮ್ಮ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಇಲ್ಲ. ಇಲ್ಲಿರುವುದು ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ. ಅದರಲ್ಲಿ ಕಬಡ್ಡಿಯಿಂದ ಅಥ್ಲೆಟಿಕ್ಸ್‌ವರೆಗೆ ಎಲ್ಲವೂ ಒಬ್ಬರ ಹೆಗಲಿಗೆ. ಅದಕ್ಕೆ ನೀವು ಎಂ.ಪಿ.ಎಡ್. ಮಾಡಲೇಬೇಕು. ಬ್ಯಾಸ್ಕೆಟ್‌ಬಾಲ್‌ನಲ್ಲೇ ಪಳಗಬೇಕೆಂದಿದ್ದರೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ತರಬೇತಿ ಡಿಪ್ಲೊಮಾ ಒಳ್ಳೆಯ ಹಾದಿ.

ಆರಂಭದ ಫಲಿತಾಂಶಕ್ಕೆ ಎದೆಗುಂದಬೇಡಿ. ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಐದು ಪ್ರಶಸ್ತಿ ತಂದ ಮೈಕ್ ಷಷೆಫ್‌ಸ್ಕಿ 1980ರಲ್ಲಿ ಅಲ್ಲಿ ಸೇರಿದಾಗ ಮೊದಲ ಮೂರು ಋತುಗಳಲ್ಲಿ ಗೆದ್ದದ್ದು 38, ಸೋತದ್ದು 47. ತೆಗೆದುಹಾಕಿ ಎಂಬ ಕೂಗು ಜೋರಾಗಿದ್ದರೂ ವಿಶ್ವವಿದ್ಯಾಲಯ ಅವರನ್ನು ಉಳಿಸಿಕೊಂಡಿತು. 2022ರಲ್ಲಿ ನಿವೃತ್ತರಾಗುವ ಹೊತ್ತಿಗೆ ಅವರ ಒಟ್ಟು ಗೆಲುವು 1,200 ದಾಟಿತ್ತು. ನಮ್ಮ ಆಡಳಿತ ಮಂಡಳಿಗಳು ಒಂದು ಸೋಲಿಗೇ ಕೋಚ್ ಬದಲಿಸುವುದನ್ನು ಕಂಡಾಗಲೆಲ್ಲ ನನಗೆ ಈ ಅಂಕಿಗಳು ನೆನಪಾಗುತ್ತವೆ.

ಡಿಪ್ಲೊಮಾಗೆ ಕಾಯದೆ ಈಗಲೇ ಶುರು ಮಾಡಬಹುದಾದ ಒಂದು ಕೆಲಸವಿದೆ. ಹತ್ತಿರದ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು, ಸಂಜೆ ಒಂದು ಗಂಟೆ ಮಕ್ಕಳಿಗೆ ಆಟ ಕಲಿಸಲು ಅನುಮತಿ ಕೇಳಿ. ಒಂದು ನೋಟ್‌ಬುಕ್ ಇಡಿ. ಯಾವ ಅಭ್ಯಾಸಕ್ಕೆ ಎಷ್ಟು ನಿಮಿಷ ಹಿಡಿಯಿತು, ಯಾವ ಮಗು ಎಡಗೈಯಲ್ಲಿ ಡ್ರಿಬಲ್ ಮಾಡಲು ತಡವರಿಸಿತು, ಯಾರ ಕಾಲಿಗೆ ಶೂ ಇರಲಿಲ್ಲ, ಎಲ್ಲವನ್ನೂ ಅದೇ ರಾತ್ರಿ ಬರೆಯಿರಿ. ವುಡನ್ ತಮ್ಮ ಪ್ರತಿಯೊಂದು ಅಭ್ಯಾಸದ ಟಿಪ್ಪಣಿಯನ್ನೂ ವರ್ಷಗಟ್ಟಲೆ ಜೋಪಾನವಾಗಿಟ್ಟು, ಹೊಸ ಋತುವಿನ ಯೋಜನೆ ಬರೆಯುವ ಮುನ್ನ ಹಳೆಯ ಪುಟಗಳನ್ನು ತೆರೆದು ನೋಡುತ್ತಿದ್ದರು.